ಸ್ವ್ಯಾಬ್ ಬದಲು ರಕ್ತ, ದೊಡ್ಡ ಪ್ಯಾಕೇಜ್ ಬದಲು ಮೂರೇ ಪರೀಕ್ಷೆ: ನಮ್ಮ ಗ್ರಾಹಕರಿಗೆ

ಮಾನ್ಯ ಗ್ರಾಹಕರೇ,

ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮ ಔಷಧ-ಜೀನ್ ಪರೀಕ್ಷೆಯ (ಒಂದು ಔಷಧ ನಿಮಗೆ ಹೊಂದುತ್ತದೆಯೇ ಎಂದು ಜೀನ್ ನೋಡಿ ತಿಳಿಯುವ ಪರೀಕ್ಷೆ) ಪದ್ಧತಿ ಬದಲಾಗುತ್ತಿದೆ. ಕೆನ್ನೆಯ ಒಳಗಿನಿಂದ ಸ್ವ್ಯಾಬ್ ತೆಗೆಯುವುದನ್ನು ನಿಲ್ಲಿಸಿ ರಕ್ತದ ಮಾದರಿ ತೆಗೆದುಕೊಳ್ಳುತ್ತೇವೆ. ಎಲ್ಲ ಔಷಧಗಳನ್ನೂ ಒಟ್ಟಿಗೆ ನೋಡುವ ದೊಡ್ಡ ಪ್ಯಾಕೇಜ್ ಇನ್ನು ಇರುವುದಿಲ್ಲ. ವೈದ್ಯರ ಚೀಟಿ ಇಲ್ಲದೆ ಪರೀಕ್ಷೆ ಮಾಡುವುದಿಲ್ಲ. ದರವೂ ಏರಿದೆ: ಕ್ಲೊಪಿಡೋಗ್ರೆಲ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆ) ಪರೀಕ್ಷೆ 3,200ರಿಂದ 3,700 ರೂಪಾಯಿ, ಅಜಾಥಯೋಪ್ರಿನ್ (ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ) ಪರೀಕ್ಷೆ 2,800ರಿಂದ 3,900 ರೂಪಾಯಿ. ಕಾರ್ಬಮಜೆಪಿನ್ (ಮೂರ್ಛೆರೋಗದ ಔಷಧ) ಪರೀಕ್ಷೆಯ ದರ ಮೊದಲಿನಷ್ಟೇ.

ಮೊದಲು ಸ್ವ್ಯಾಬ್ ವಿಷಯ, ಏಕೆಂದರೆ ಅದರಲ್ಲಿ ತಪ್ಪು ನಮ್ಮದು. ಸೂಜಿ ಚುಚ್ಚುವುದಿಲ್ಲ, ಮನೆಯಲ್ಲೇ ತೆಗೆದು ಕಳಿಸಬಹುದು ಎಂದು ಹೇಳಿ ನಾವೇ ಅದನ್ನು ಕೊಟ್ಟೆವು. ಬಾಯಿ ತೊಳೆದು ಅರ್ಧ ಗಂಟೆ ಏನೂ ತಿನ್ನದೆ ತೆಗೆಯಬೇಕು, ಕಡ್ಡಿಯನ್ನು ನೆರಳಲ್ಲಿ ಒಣಗಿಸಿ ಕಾಗದದ ಲಕೋಟೆಗೆ ಹಾಕಬೇಕು ಎಂದು ಚೀಟಿಯಲ್ಲಿ ಅಚ್ಚು ಹಾಕಿದ್ದೆವು. ಆದರೆ ಅಡಿಕೆ, ಎಲೆ, ಗುಟ್ಕಾ ಹಾಕುವ ಬಾಯಿಗೆ ಅರ್ಧ ಗಂಟೆ ಸಾಲದು. ಕಾಚಿನ ಒಗರು ಕಡ್ಡಿಯ ಜೊತೆ ಬಂದು, ಜೀನ್ ಓದಲು ಸಾಕಾಗುವಷ್ಟು ಡಿಎನ್‌ಎ ಹೆಚ್ಚಿಸುವ ಪಿಸಿಆರ್ ಕ್ರಿಯೆಯನ್ನೇ ತಡೆಯುತ್ತದೆ. ಹಸಿ ಕಡ್ಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಏಪ್ರಿಲ್ ಬಿಸಿಲಲ್ಲಿ ಸಿರುಗುಪ್ಪದಿಂದ ಬಸ್ಸಿನಲ್ಲಿ ಕಳಿಸಿದರೆ ಅದು ನಮ್ಮ ಕೈ ಸೇರುವಷ್ಟರಲ್ಲಿ ಬ್ಯಾಕ್ಟೀರಿಯಾ ಬೆಳೆದಿರುತ್ತವೆ. ಡಿಎನ್‌ಎ ಎಷ್ಟಿದೆ ಎಂದು ಅಳೆಯುವ ಯಂತ್ರಕ್ಕೆ ಮನುಷ್ಯರದು ಯಾವುದು, ಬ್ಯಾಕ್ಟೀರಿಯಾದ್ದು ಯಾವುದು ಎಂಬ ಭೇದ ತಿಳಿಯದು. ಅಂಕಿ ಚೆನ್ನಾಗಿಯೇ ಬರುತ್ತದೆ, ಪಿಸಿಆರ್ ಮಾತ್ರ ಕೈಕೊಡುತ್ತದೆ. ಹೀಗಾಗಿ ಹಲವರನ್ನು ಎರಡನೇ ಸಲ ಕರೆಸಬೇಕಾಯಿತು. ಬಸ್ ಚಾರ್ಜು, ಒಂದು ದಿನದ ಕೂಲಿ ಎರಡೂ ಹೋದವು. ಕ್ಷಮೆ ಕೇಳುತ್ತೇವೆ. ಎರಡನೇ ಸಲದ ಸಂಗ್ರಹ ಶುಲ್ಕ 150 ರೂಪಾಯಿ ಕಟ್ಟಿದವರು ಹಳೆಯ ರಸೀದಿ ತೋರಿಸಿ ವಾಪಸ್ ಪಡೆಯಬಹುದು. ರಸೀದಿ ಕಳೆದಿದ್ದರೆ ಹೆಸರು ಹೇಳಿ, ನಮ್ಮ ಪುಸ್ತಕದಲ್ಲಿದೆ.

ಇನ್ನು ಕೌಂಟರಿನಲ್ಲಿ ನಾವು ದಿನವೂ ಕೇಳುವ ಮಾತು: "ಅಷ್ಟು ರೊಕ್ಕ ಕೊಟ್ಟು ಮಾಡಿಸಿದ್ವಿ, ರಿಪೋರ್ಟ್ ನಾರ್ಮಲ್ ಬಂತು, ಡಾಕ್ಟರು ಅದೇ ಗುಳಿಗಿ ಬರದ್ರು. ಮತ್ತ್ಯಾಕ ಮಾಡಿಸಬೇಕಿತ್ತು?" ಇದಕ್ಕೆ ನಿಂತಲ್ಲೇ ಎರಡು ಮಾತಿನಲ್ಲಿ ಉತ್ತರ ಕೊಟ್ಟು ಕಳಿಸಿದ್ದು ಸರಿಯಾಗಲಿಲ್ಲ. ಇಲ್ಲಿ ಪೂರ್ತಿ ಹೇಳುತ್ತೇವೆ.

ಕ್ಲೊಪಿಡೋಗ್ರೆಲ್ ಗುಳಿಗೆ ನುಂಗಿದ ರೂಪದಲ್ಲಿ ಕೆಲಸ ಮಾಡುವುದಿಲ್ಲ. ಯಕೃತ್ತಿನ ಕಿಣ್ವಗಳು, ಅದರಲ್ಲೂ ಸಿವೈಪಿ2ಸಿ19 ಎಂಬುದು, ಅದನ್ನು ಬದಲಿಸಿದ ಮೇಲಷ್ಟೇ ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳು ಅಂಟಿಕೊಳ್ಳುವುದು ಕಡಿಮೆಯಾಗುತ್ತದೆ. ಈ ಕಿಣ್ವದ ಜೀನಿನ ಒಂದು ಪ್ರತಿ ತಂದೆಯಿಂದ, ಒಂದು ಪ್ರತಿ ತಾಯಿಯಿಂದ ಬರುತ್ತದೆ. ಸ್ಟಾರ್ 2 ಅಥವಾ ಸ್ಟಾರ್ 3 ಎಂಬ ರೂಪ ಬಂದಿದ್ದರೆ ಆ ಪ್ರತಿ ಕೆಲಸಕ್ಕೆ ಬಾರದು. ಸ್ಟಾರ್ 17 ಬಂದಿದ್ದರೆ ಕಿಣ್ವ ಹೆಚ್ಚು ಚುರುಕು. ಸ್ಟಾರ್ 2 ದಕ್ಷಿಣ ಏಷ್ಯಾದ ಜನರಲ್ಲಿ ಯುರೋಪಿನವರಿಗಿಂತ ಹೆಚ್ಚಾಗಿ ಕಾಣುತ್ತದೆ, ಆದ್ದರಿಂದ ಈ ಪರೀಕ್ಷೆ ನಮ್ಮ ಭಾಗಕ್ಕೆ ದೂರದ ಮಾತಲ್ಲ. ಎರಡೂ ಪ್ರತಿ ಕೆಟ್ಟಿರುವವರಿಗೆ ಈ ಗುಳಿಗೆಯ ಪರಿಣಾಮ ತಗ್ಗುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2010ರಲ್ಲೇ ಔಷಧದ ಲೇಬಲ್ ಮೇಲೆ ಕಪ್ಪು ಚೌಕದ ಅತಿ ಗಂಭೀರ ಎಚ್ಚರಿಕೆ ಹಾಕಿಸಿತು.

ಹಾಗಾದರೆ ನಾರ್ಮಲ್ ಎಂದರೇನು? ನಾವು ಹುಡುಕಿದ ಮೂರು ರೂಪಗಳು ನಿಮ್ಮಲ್ಲಿ ಸಿಗಲಿಲ್ಲ, ಅಷ್ಟೇ. ಸ್ಟೆಂಟ್ (ಹೃದಯದ ರಕ್ತನಾಳವನ್ನು ತೆರೆದಿಡುವ ಜಾಲರಿ ಕೊಳವೆ) ಹಾಕಿಸಿಕೊಂಡವರಿಗೆ ವೈದ್ಯರು ಅದೇ ಗುಳಿಗೆಯನ್ನು ಮುಂದುವರಿಸಿದರೆ, ಮುಂದುವರಿಸಬಹುದೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದೆ ಎಂದರ್ಥ. ರಿಪೋರ್ಟ್‌ನಲ್ಲಿ ಸ್ಟಾರ್ 2 ಅಥವಾ ಸ್ಟಾರ್ 3 ಬಂದಿದ್ದರೆ ಅವರು ದಿನಕ್ಕೆ ಎರಡು ಸಲದ ಟಿಕಾಗ್ರೆಲಾರ್ ಅಥವಾ ಒಂದು ಸಲದ ಪ್ರಸುಗ್ರೆಲ್ ಬಗ್ಗೆ ಯೋಚಿಸುತ್ತಿದ್ದರು. ಅವುಗಳಲ್ಲಿ ರಕ್ತಸ್ರಾವದ ಭಯ ಹೆಚ್ಚು, ಹಿಂದೆ ಪಾರ್ಶ್ವವಾಯು ಆದವರಿಗೆ ಪ್ರಸುಗ್ರೆಲ್ ಕೊಡಲೇಬಾರದು. ಬೇಕಿಲ್ಲದವರಿಗೆ ಆ ಔಷಧ ತಪ್ಪಿತಲ್ಲ, ಅದಕ್ಕೂ ಬೆಲೆಯಿದೆ.

ನಾರ್ಮಲ್ ಬಂದವರಿಗೂ ಗುಳಿಗೆ ಸರಿಯಾಗಿ ಕೆಲಸ ಮಾಡದೇ ಇರಬಹುದು. ಹೊಟ್ಟೆ ಉರಿಗೆಂದು ಮೆಡಿಕಲ್ ಶಾಪಿನಿಂದ ತಾವೇ ತಂದು ನುಂಗುವ ಒಮೆಪ್ರಜೋಲ್ ಇದೇ ಕಿಣ್ವವನ್ನು ತಡೆಯುತ್ತದೆ. ಜೀನ್ ಸರಿ ಇದ್ದರೂ ಕಿಣ್ವ ಮಂಕಾಗುತ್ತದೆ, ಮತ್ತು ಇದು ನಮ್ಮ ರಿಪೋರ್ಟ್‌ನಲ್ಲಿ ಕಾಣುವುದಿಲ್ಲ. ಪ್ಯಾಂಟೊಪ್ರಜೋಲ್‌ನಿಂದ ಈ ತೊಂದರೆ ಕಡಿಮೆ. ವೈದ್ಯರ ಬಳಿ ಹೋಗುವಾಗ ಮನೆಯಲ್ಲಿರುವ ಎಲ್ಲ ಗುಳಿಗೆ ಪಟ್ಟಿಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಮುಂದಿನ ತಿಂಗಳಿಂದ ರಿಪೋರ್ಟ್ ಜೊತೆ ಒಂದು ಪುಟ ಕನ್ನಡದಲ್ಲಿ ಇರುತ್ತದೆ. ಯಾವ ರೂಪ ಹುಡುಕಿದೆವು, ಯಾವುದು ಸಿಕ್ಕಿತು, ಯಾವುದನ್ನು ಹುಡುಕಲಿಲ್ಲ ಎಂದು ಅದರಲ್ಲಿ ಬರೆದಿರುತ್ತೇವೆ. ಬರೀ "ನಾರ್ಮಲ್" ಎಂಬ ಪದವನ್ನು ಇನ್ನು ಅಚ್ಚು ಹಾಕುವುದಿಲ್ಲ.

ಒಂದು ಮಾತು ಕೈಮುಗಿದು ಹೇಳುತ್ತೇವೆ: ರಿಪೋರ್ಟ್ ಏನೇ ಬರಲಿ, ಅದನ್ನು ಓದಿ ನೀವೇ ಕ್ಲೊಪಿಡೋಗ್ರೆಲ್ ನಿಲ್ಲಿಸಬೇಡಿ. ಸ್ಟೆಂಟ್ ಹಾಕಿದ ಹೊಸದರಲ್ಲಿ ಗುಳಿಗೆ ತಪ್ಪಿದರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು. ಚೀಟಿ ಕಡ್ಡಾಯ ಮಾಡಿದ್ದು ಈ ಕಾರಣಕ್ಕೇ. ಡಾಕ್ಟರಿಗೆ ಕಮಿಷನ್ ಹೋಗಲಿ ಎಂದು ಚೀಟಿ ಕೇಳುತ್ತಿದ್ದಾರೆ, ದರವೂ ಅದಕ್ಕೇ ಏರಿತು ಎಂಬ ಮಾತು ಮೋತಿ ಸರ್ಕಲ್‌ನಿಂದ ಕೌಲ್ ಬಜಾರ್‌ವರೆಗೂ ಓಡಾಡುತ್ತಿದೆ. ನಮಗೆ ನೋವಾಗಿದೆ. ವೈದ್ಯರು ಕಮಿಷನ್ ಪಡೆಯುವುದನ್ನು 2002ರ ವೈದ್ಯಕೀಯ ನಡವಳಿಕೆ ನಿಯಮಗಳು ನಿಷೇಧಿಸಿವೆ. ನಮ್ಮ ಲ್ಯಾಬ್‌ನಿಂದ ಯಾರಿಗೂ ಒಂದು ರೂಪಾಯಿ ಹೋಗುವುದಿಲ್ಲ.

ದುಡ್ಡು ಎಲ್ಲಿಗೆ ಹೋಗುತ್ತದೆ ನೋಡಿ. ಪಿಸಿಆರ್ ತಟ್ಟೆಯಲ್ಲಿ ಮಾದರಿ ಹಾಕುವ 96 ಸಣ್ಣ ಗುಳಿಗಳಿರುತ್ತವೆ. ಕ್ಲೊಪಿಡೋಗ್ರೆಲ್ ಪರೀಕ್ಷೆಯಲ್ಲಿ ಹುಡುಕುವುದು ಮೂರು ರೂಪ. ಒಂದೊಂದಕ್ಕೂ ನಾಲ್ಕು ಗುಳಿ, ಪರೀಕ್ಷೆ ಸರಿಯಾಗಿ ನಡೆಯಿತೇ ಎಂಬ ತಪಾಸಣೆಗೇ ಬೇಕು: ಒಂದರಲ್ಲಿ ಬರೀ ನೀರು, ಉಳಿದ ಮೂರರಲ್ಲಿ ಉತ್ತರ ಮೊದಲೇ ಗೊತ್ತಿರುವ ಡಿಎನ್‌ಎ. ನೀರಿನ ಗುಳಿಯಲ್ಲಿ ಸಂಕೇತ ಬಂದರೆ ಎಲ್ಲೋ ಕಲಬೆರಕೆ ಆಗಿದೆ ಎಂದು ಇಡೀ ತಟ್ಟೆಯನ್ನು ಬಿಸಾಡುತ್ತೇವೆ. ರೋಗಿಯ ಮಾದರಿಯನ್ನು ಎರಡೆರಡು ಗುಳಿಗಳಲ್ಲಿ ಹಾಕುತ್ತೇವೆ, ಎರಡೂ ಹೊಂದಿದರಷ್ಟೇ ರಿಪೋರ್ಟ್. ಒಬ್ಬರೇ ರೋಗಿ ಇದ್ದರೆ ತಪಾಸಣೆಗೆ 12, ಅವರಿಗೆ 6, ಒಟ್ಟು 18 ಗುಳಿ. ಎಂಟು ಜನ ಸೇರಿದರೆ ಒಟ್ಟು 60, ತಲಾ ಏಳೂವರೆ. ಬೆಂಗಳೂರಿನ ದೊಡ್ಡ ಲ್ಯಾಬ್‌ಗೆ ತಟ್ಟೆ ತುಂಬುವಷ್ಟು ಜನ ದಿನವೂ ಬರುತ್ತಾರೆ, ಬಳ್ಳಾರಿಯಲ್ಲಿ ಬರುವುದಿಲ್ಲ. ಅಲ್ಲಿ ಅಗ್ಗ, ಇಲ್ಲೇಕೆ ತುಟ್ಟಿ ಎಂದು ಕೇಳುವವರು ದಯವಿಟ್ಟು ಈ ಲೆಕ್ಕ ನೋಡಬೇಕು. ಕಿಟ್ ಬರುವುದು ಡ್ರೈ ಐಸ್‌ನಲ್ಲಿ, ಇಡುವುದು ಮೈನಸ್ 20 ಡಿಗ್ರಿಯಲ್ಲಿ. ಬೇಸಿಗೆಯಲ್ಲಿ ದಾರಿಯಲ್ಲೇ ಐಸ್ ಮುಗಿದು ಬಂದ ಪೆಟ್ಟಿಗೆಯನ್ನು ನಾವು ಬಳಸುವುದಿಲ್ಲ. ಅವಧಿ ಮುಗಿದ ಕಿಟ್ ಕಸಕ್ಕೆ. ರೋಗ ಪರೀಕ್ಷೆಗೆ ಜಿಎಸ್‌ಟಿ ಇಲ್ಲದ್ದರಿಂದ ನಿಮ್ಮ ಬಿಲ್ಲಿನಲ್ಲಿ ತೆರಿಗೆ ಕಾಣುವುದಿಲ್ಲ. ಆದರೆ ಕಿಟ್ ಕೊಳ್ಳುವಾಗ ನಾವು ಕಟ್ಟಿದ ಜಿಎಸ್‌ಟಿ ಅದೇ ಕಾರಣಕ್ಕೆ ನಮಗೆ ವಾಪಸ್ ಸಿಗುವುದೂ ಇಲ್ಲ.

ಅಜಾಥಯೋಪ್ರಿನ್ ದರ 1,100 ರೂಪಾಯಿ ಏರಿದ್ದಕ್ಕೆ ನಾವು ತಲೆ ತಗ್ಗಿಸುವುದಿಲ್ಲ. ಇಲ್ಲಿಯವರೆಗೆ ಟಿಪಿಎಂಟಿ ಎಂಬ ಒಂದೇ ಜೀನ್ ನೋಡುತ್ತಿದ್ದೆವು. ನುಡ್ಟ್15 ಎಂಬ ಇನ್ನೊಂದು ಜೀನಿನ ದೋಷ ಯುರೋಪಿನವರಲ್ಲಿ ಅಪರೂಪ, ಏಷ್ಯಾದವರಲ್ಲಿ ಹೆಚ್ಚು. ಅದನ್ನು ಬಿಟ್ಟು ನಮ್ಮ ಜನಕ್ಕೆ ಟಿಪಿಎಂಟಿ ಒಂದನ್ನೇ ಮಾಡಿದರೆ ಅರ್ಧ ಪರೀಕ್ಷೆ. ಎರಡರಲ್ಲಿ ಯಾವುದು ಕೆಟ್ಟಿದ್ದರೂ ಸಾಮಾನ್ಯ ಪ್ರಮಾಣದ ಅಜಾಥಯೋಪ್ರಿನ್ ಅಥವಾ ಅದೇ ಗುಂಪಿನ 6-ಮರ್ಕ್ಯಾಪ್ಟೊಪ್ಯೂರಿನ್‌ನಿಂದ ಬಿಳಿ ರಕ್ತಕಣ ಅಪಾಯಕಾರಿಯಾಗಿ ಕುಸಿಯಬಹುದು. ಇನ್ನು ಮೇಲೆ ಎರಡೂ ಸೇರಿಯೇ ಮಾಡುತ್ತೇವೆ, ಬಿಡಿಬಿಡಿಯಾಗಿ ಮಾಡುವುದಿಲ್ಲ. ಈ ಪರೀಕ್ಷೆ ಆಯಿತೆಂದು ರಕ್ತಕಣ ಎಣಿಕೆಯನ್ನು ಮಾತ್ರ ಬಿಡಬೇಡಿ.

ಕಾರ್ಬಮಜೆಪಿನ್ ಶುರು ಮಾಡುವ ಮುನ್ನ ಎಚ್‌ಎಲ್‌ಎ-ಬಿ 15:02 ಎಂಬ ಜೀನ್ ರೂಪ ಇದೆಯೇ ಎಂದು ನೋಡುವುದು ಚರ್ಮ ಸುಲಿದು ಬೀಳುವ ಸ್ಟೀವನ್ಸ್-ಜಾನ್ಸನ್ ತೊಂದರೆ ತಪ್ಪಿಸಲು. ಆ ತೊಂದರೆ ಬರುವುದು ಹೆಚ್ಚಾಗಿ ಮೊದಲ ಕೆಲವು ತಿಂಗಳಲ್ಲಿ. ವರ್ಷಗಳಿಂದ ಈ ಗುಳಿಗೆ ನುಂಗಿ ಚೆನ್ನಾಗಿರುವವರಿಗೆ ಇದು ಬೇಕಿಲ್ಲ. ಅಂಥವರು ಬಂದರೆ ಹಣ ತೆಗೆದುಕೊಳ್ಳದೆ ವಾಪಸ್ ಕಳಿಸುತ್ತೇವೆ. ಪರೀಕ್ಷೆಯಲ್ಲಿ ಏನೂ ಸಿಗದಿದ್ದರೂ ಮೈಮೇಲೆ ಗುಳ್ಳೆ, ಬಾಯಲ್ಲಿ ಹುಣ್ಣು, ಜ್ವರ ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ದೊಡ್ಡ ಪ್ಯಾಕೇಜ್ ನಿಲ್ಲಿಸಿದ್ದು ಏಕೆಂದರೆ ಅದರ ಉದ್ದ ಪಟ್ಟಿಯಲ್ಲಿ ವೈದ್ಯರು ನಿಜವಾಗಿ ಬಳಸುವ ಸಾಲುಗಳು ಕೆಲವೇ. ಅದರಲ್ಲಿದ್ದ ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇನ್ನೊಂದು ಔಷಧ) ಭಾಗವನ್ನು ಕೈಬಿಟ್ಟಿದ್ದಕ್ಕೆ ಕೆಲವರು ಬೇಸರಪಟ್ಟಿದ್ದಾರೆ. ಹೃದಯದ ವಾಲ್ವ್ ಹಾಕಿಸಿಕೊಂಡು ಆಗಲೇ ಪ್ರಮಾಣ ಹೊಂದಿಕೊಂಡವರಿಗೆ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ನೋಡುವ ಪಿಟಿ-ಐಎನ್‌ಆರ್ ಸಾಕು. ಜೀನು, ಸೊಪ್ಪಿನ ಊಟ, ಬೇರೆ ಔಷಧ ಎಲ್ಲದರ ಪರಿಣಾಮವನ್ನೂ ಅದು ಒಟ್ಟಿಗೆ ತೋರಿಸುತ್ತದೆ. ಹೊಸದಾಗಿ ಶುರು ಮಾಡುವವರಿಗೆ ವೈದ್ಯರು ಬರೆದರೆ ಮಾದರಿಯನ್ನು ಬೆಂಗಳೂರಿಗೆ ಕಳಿಸಿ ಅಲ್ಲಿಯ ಬಿಲ್ಲನ್ನಷ್ಟೇ ಕೇಳುತ್ತೇವೆ. ಹಳೆಯ ಪ್ಯಾಕೇಜ್ ಮಾಡಿಸಿದವರ ರಿಪೋರ್ಟ್ ವ್ಯರ್ಥವಾಗಿಲ್ಲ. ಜೀನ್ ಬದಲಾಗುವುದಿಲ್ಲ, ಆಗ ನೋಡಿದ ರೂಪಗಳಿಗೆ ಮತ್ತೆ ಹಣ ಕೊಡಬೇಡಿ. ಹಳೆಯ ರಿಪೋರ್ಟ್ ತಂದರೆ ಕನ್ನಡ ಪುಟವನ್ನೂ ಜೇಬಿನಲ್ಲಿಡುವ ಕಾರ್ಡನ್ನೂ ಉಚಿತವಾಗಿ ಕೊಡುತ್ತೇವೆ.

ರಕ್ತ ಕೊಡಲು ಉಪವಾಸ ಬೇಡ. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ 2 ಮಿಲಿ ಸಾಕು. ಬೇರೆ ಕಡೆ ತೆಗೆಸಿ ಕಳಿಸುವವರು ಟ್ಯೂಬನ್ನು ಎಂಟು-ಹತ್ತು ಸಲ ಮೆಲ್ಲಗೆ ಬುಡಮೇಲು ಮಾಡಿಸಿ, ಅಲ್ಲಾಡಿಸಬೇಡಿ. ಹಸಿರು ಮುಚ್ಚಳದ ಟ್ಯೂಬ್ ತೆಗೆದುಕೊಳ್ಳುವುದಿಲ್ಲ, ಅದರಲ್ಲಿರುವ ಹೆಪಾರಿನ್ ಪಿಸಿಆರ್ ತಡೆಯುತ್ತದೆ. ಐಸ್ ಪ್ಯಾಕ್ ಮತ್ತು ಟ್ಯೂಬ್ ನಡುವೆ ದಪ್ಪ ಬಟ್ಟೆ ಇರಲಿ. ರಕ್ತ ಹೆಪ್ಪುಗಟ್ಟಿದರೂ, ಮಂಜುಗಟ್ಟಿ ಕಣಗಳು ಒಡೆದರೂ ಮಾದರಿ ಕೆಟ್ಟಂತೆ. ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿಟ್ಟು ಐದು ದಿನದೊಳಗೆ ನಮಗೆ ಮುಟ್ಟಿಸಿ. ಎರಡು ವಾರದೊಳಗೆ ರಕ್ತ ಏರಿಸಿಕೊಂಡವರು ಕೌಂಟರಿನಲ್ಲಿ ತಪ್ಪದೆ ಹೇಳಿ, ನಿಮಗೆ ಮಾತ್ರ ಸ್ವ್ಯಾಬ್ ಇನ್ನೂ ಇದೆ, ನಮ್ಮ ಸಿಬ್ಬಂದಿಯೇ ತೆಗೆಯುತ್ತಾರೆ. ಬೇರೊಬ್ಬರ ಅಸ್ಥಿಮಜ್ಜೆ ಕಸಿ ಆದವರ ರಕ್ತದಲ್ಲಿ ದಾನಿಯ ಡಿಎನ್‌ಎ ಕಾಣುತ್ತದೆ, ಬಾಯಿಯ ಮಾದರಿಯಲ್ಲೂ ಅದು ಬೆರೆತಿರುತ್ತದೆ. ಅವರು ಮೊದಲು ವೈದ್ಯರಿಂದ ನಮಗೆ ಫೋನ್ ಮಾಡಿಸಲಿ.

ತಟ್ಟೆ ಓಡುವುದು, ಅಂದರೆ ಯಂತ್ರದಲ್ಲಿ ಪರೀಕ್ಷೆ ನಡೆಯುವುದು, ಮಂಗಳವಾರ ಮತ್ತು ಶುಕ್ರವಾರ. ಹಿಂದಿನ ದಿನ ಸಂಜೆ 6ರೊಳಗೆ ಬಳ್ಳಾರಿಗೆ ಮಾದರಿ ಬಂದರೆ ಓಡಿಸಿದ ಮರುದಿನ ರಿಪೋರ್ಟ್ ಸಿಗುತ್ತದೆ. ಸಿರುಗುಪ್ಪ, ಸಂಡೂರು, ಕಂಪ್ಲಿಯವರು ಮಧ್ಯಾಹ್ನ 2ರೊಳಗೆ ಅಲ್ಲಿಯ ಸಂಗ್ರಹ ಕೇಂದ್ರದಲ್ಲಿ ಕೊಡಬೇಕು. ಸ್ಟೆಂಟ್ ಹಾಕಿದ ರೋಗಿ ಇನ್ನೂ ಆಸ್ಪತ್ರೆಯಲ್ಲೇ ಇದ್ದರೆ ಚೀಟಿಯ ಮೇಲೆ "ತುರ್ತು" ಎಂದು ಬರೆಸಿಕೊಂಡು ಬನ್ನಿ. ಒಬ್ಬರೇ ಇದ್ದರೂ, ಆ 18 ಗುಳಿಯ ಖರ್ಚು ನಮ್ಮ ಮೇಲೆಯೇ ಬಿದ್ದರೂ, ಮರುದಿನ ಬೆಳಿಗ್ಗೆ ತಟ್ಟೆ ಓಡಿಸುತ್ತೇವೆ. ದರ ಅದೇ 3,700.

ಇಂತಿ ತಮ್ಮ,
ಲ್ಯಾಬ್ ಬಳಗ, ಬಳ್ಳಾರಿ