ಕಿರೀಟವೂ ಇರಲಿ, ಗೆಜ್ಜೆಯೂ ಇರಲಿ

ಸಂಪಾದಕರಿಗೆ,

ಹಳೆಯ ಯಕ್ಷಗಾನದ ವಿಎಚ್‌ಎಸ್ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿ ಯೂಟ್ಯೂಬಿಗೆ ಏರಿಸುವವರು ಕರಾವಳಿಯಲ್ಲೂ ಮಲೆನಾಡಿನಲ್ಲೂ ಇದ್ದಾರೆ. ಒಳ್ಳೆಯ ಕೆಲಸವೇ. ಆದರೆ ಏರಿಸಿದ್ದರಲ್ಲಿ ಎಷ್ಟೋ ಆಟಗಳು ಅಡ್ಡಡ್ಡ ಹಿಗ್ಗಿವೆ. ಭಾಗವತರ ಕೈಯ ಜಾಗಟೆ ಹಲಸಿನ ಬೀಜದ ಆಕಾರಕ್ಕೆ ಬಂದಿದೆ. ಸಪೂರ ಸ್ತ್ರೀವೇಷಕ್ಕೆ ಬಣ್ಣದ ವೇಷದ ಅಗಲ! ಇದು ಕ್ಯಾಸೆಟ್ಟಿನ ದೋಷವಲ್ಲ, ಎಡಿಟಿಂಗ್‌ನಲ್ಲಿ ಕ್ಲಿಪ್ಪನ್ನು ಚೌಕಟ್ಟಿಗೆ ಕೂರಿಸುವಾಗ ಆಗುವ ಎಡವಟ್ಟು.

ಕ್ಯಾಸೆಟ್ಟಿನ ಚಿತ್ರದ ಅಗಲ–ಎತ್ತರದ ಅನುಪಾತ 4:3. ಈಗಿನ ಟೈಮ್‌ಲೈನ್, ಎಂದರೆ ಕ್ಲಿಪ್ಪು ಕೂರುವ ಎಡಿಟಿಂಗ್ ಚೌಕಟ್ಟು, ಸಾಮಾನ್ಯವಾಗಿ 1920×1080 ಪಿಕ್ಸೆಲ್, ಅಂದರೆ 16:9. ಎತ್ತರಕ್ಕೆ ಹೊಂದಿಸಿದರೆ ಚಿತ್ರ 1440×1080 ಆಗಿ ನಡುವೆ ಕೂರುತ್ತದೆ, ಎಡಬಲಕ್ಕೆ ತಲಾ 240 ಪಿಕ್ಸೆಲ್‌ನಷ್ಟು ಕಪ್ಪು ಉಳಿಯುತ್ತದೆ. ಆ ಕಪ್ಪನ್ನು ಸಹಿಸಲಾರದವರು ಎಡಿಟಿಂಗ್ ಸಾಫ್ಟ್‌ವೇರ್‌ಗಳಾದ ಶಾಟ್‌ಕಟ್‌ನಲ್ಲಿ ‘ಡಿಸ್ಟಾರ್ಟ್’, ಡಾವಿಂಚಿ ರಿಸಾಲ್ವ್‌ನಲ್ಲಿ ‘ಸ್ಟ್ರೆಚ್ ಫ್ರೇಮ್ ಟು ಆಲ್ ಕಾರ್ನರ್ಸ್’ ಒತ್ತುತ್ತಾರೆ. ವೇಷಗಳೆಲ್ಲ ಮೂರನೇ ಒಂದು ಪಾಲು ದಪ್ಪವಾಗುವುದು ಅಲ್ಲೇ.

ಉಲ್ಟಾ ತೊಂದರೆಯೂ ಉಂಟು. ಇಳಿಸಿದ ಫೈಲು 720×576 ಇರುತ್ತದೆ. ಲೆಕ್ಕ ಹಾಕಿದರೆ ಇದು 5:4, 4:3 ಅಲ್ಲ. ನಮ್ಮ ಹಳೆಯ ಟಿ.ವಿ.ಗಳ ಪಾಲ್ ಪದ್ಧತಿಯ ಪಿಕ್ಸೆಲ್ ಚೌಕವಲ್ಲ, ಸ್ವಲ್ಪ ಅಗಲ. ಸಾಫ್ಟ್‌ವೇರ್ ಅದನ್ನು ಚೌಕವೆಂದು ಎಣಿಸಿದರೆ ವೇಷಗಳು ಸೊರಗುತ್ತವೆ. ಶಾಟ್‌ಕಟ್‌ನ ಪ್ರಾಪರ್ಟೀಸ್‌ನಲ್ಲಿ ಆಸ್ಪೆಕ್ಟ್ ರೇಶಿಯೊ 4:3 ಎಂದು ತುಂಬಿದರೆ, ಪ್ರೀಮಿಯರ್‌ನ ‘ಇಂಟರ್‌ಪ್ರೆಟ್ ಫೂಟೇಜ್’ನಲ್ಲಿ ಪಿಕ್ಸೆಲ್ ಆಸ್ಪೆಕ್ಟನ್ನು ಡಿವಿ ಪಾಲ್‌ಗೆ ಬದಲಿಸಿದರೆ ಸರಿಹೋಗುತ್ತದೆ.

ಇನ್ನು ಕೆಲವರು ಹಿಗ್ಗಿಸುವುದಿಲ್ಲ, ಅಳತೆ ಕೆಡದಂತೆ ದೊಡ್ಡದು ಮಾಡಿ ಪರದೆ ತುಂಬಿಸುತ್ತಾರೆ. ಆಗ ಚಿತ್ರ 1920×1440 ಆಗುತ್ತದೆ; 360 ಗೆರೆ, ಅಂದರೆ ಕಾಲು ಭಾಗ ಚೌಕಟ್ಟಿನ ಹೊರಗೆ. ಬೇರೆ ಕಾರ್ಯಕ್ರಮವಾದರೆ ನಡೆದೀತು. ಒಂದೇ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು ತೆಗೆದ ಆಟದಲ್ಲಿ ಕಿರೀಟದ ತುದಿ ಮೇಲಂಚಿಗೂ ಗೆಜ್ಜೆ ಕೆಳಂಚಿಗೂ ತಾಗಿರುತ್ತವೆ. ಕಿರೀಟ ಉಳಿಸಿದರೆ ಹೆಜ್ಜೆಗಾರಿಕೆ ಹೋಯಿತು, ಹೆಜ್ಜೆ ಉಳಿಸಿದರೆ ತಲೆಯೇ ಹೋಯಿತು. ಅರ್ಥಗಾರಿಕೆಯ ಹತ್ತಿರದ ಶಾಟ್‌ಗಳಲ್ಲಿ ಮಾತ್ರ ಈ ಉಪಾಯ ನಡೆಯುತ್ತದೆ. ಅಲ್ಲೂ ಎಷ್ಟು ಸರಿಸಬಹುದೆಂಬ ಮಿತಿ ಗೊತ್ತಿರಬೇಕು: ಮೇಲಕ್ಕೆ 180, ಕೆಳಕ್ಕೆ 180, ಅದನ್ನು ದಾಟಿದರೆ ಕಪ್ಪು ಇಣುಕುತ್ತದೆ. ಪ್ರೀಮಿಯರ್‌ನಲ್ಲಿ ಲಂಬ ಸ್ಥಾನದ ನಡು 540. ಅಂಕಿ ಏರಿದಷ್ಟೂ ಚಿತ್ರ ಇಳಿಯುತ್ತದೆ, 720ಕ್ಕೆ ಕಿರೀಟ ಪೂರ್ತಿ ಕಾಣುತ್ತದೆ. ಶಾಟ್‌ಕಟ್ ಎಣಿಸುವುದು ಎಡ ಮೇಲ್ಮೂಲೆಯಿಂದ. ಅಲ್ಲಿ -180 ನಡು, 0 ಇಟ್ಟರೆ ಕಿರೀಟ, -360 ಇಟ್ಟರೆ ಗೆಜ್ಜೆ. ಧಿಗಿಣದ (ಹಾರಿ ಸುತ್ತುವ ಕುಣಿತದ) ನಡುವೆ ಕೀಫ್ರೇಮ್ (ಇಂಥ ಕ್ಷಣಕ್ಕೆ ಚಿತ್ರ ಇಂಥಲ್ಲಿ ಎಂಬ ಗುರುತು) ಹಾಕಿ ಚಿತ್ರ ಓಡಿಸಬೇಡಿ, ವೇಷಧಾರಿಯ ಜೊತೆ ರಂಗಸ್ಥಳವೂ ಕುಣಿಯುತ್ತದೆ.

ಎಲ್ಲಕ್ಕಿಂತ ಸುಲಭದ ದಾರಿ, ಟೈಮ್‌ಲೈನನ್ನೇ 1440×1080ಕ್ಕೆ ಇಟ್ಟುಬಿಡುವುದು. ಯೂಟ್ಯೂಬಿನ ಪ್ಲೇಯರ್ 4:3 ಅನ್ನು ತಾನೇ ಸರಿಯಾಗಿ ತೋರಿಸುತ್ತದೆ. ಬದಿಗಳಲ್ಲಿ ಅದೇ ದೃಶ್ಯವನ್ನು ಮಬ್ಬು ಮಾಡಿ ತುಂಬುವ ಹೊಸ ಷೋಕಿ ಬೇಡವೇ ಬೇಡ. ಮಬ್ಬಾದರೂ ಅದು ಅಲ್ಲಾಡುತ್ತಿರುತ್ತದೆ, ಕಣ್ಣು ಅತ್ತ ಹೋಗುತ್ತದೆ.

ಅಳತೆ ಬದಲಿಸುವ ಮುನ್ನ ಒಂದು ಕೆಲಸ ಮುಗಿದಿರಬೇಕು. ಕ್ಯಾಸೆಟ್ಟಿನ ಒಂದೊಂದು ಫ್ರೇಮಿನಲ್ಲೂ ಎರಡು ಗಳಿಗೆಯ ಚಿತ್ರ ಗೆರೆ ಬಿಟ್ಟು ಗೆರೆ ಹೆಣೆದಿರುತ್ತದೆ. ಅದನ್ನು ಬಿಡಿಸದೆ ಹಿಗ್ಗಿಸಿದರೆ ಗೆರೆಗಳು ಒಂದಕ್ಕೊಂದು ಕಲಸಿಹೋಗಿ, ಕೈ ಬೀಸಿದಲ್ಲೆಲ್ಲ ಬಾಚಣಿಗೆ ಹಲ್ಲಿನಂಥ ಕಲೆ ಮೂಡುತ್ತದೆ. ಆಮೇಲೆ ಯಾವ ಫಿಲ್ಟರ್ ಹಾಕಿದರೂ ಹೋಗದು. ಉಚಿತವಾಗಿ ಸಿಗುವ ಹ್ಯಾಂಡ್‌ಬ್ರೇಕ್‌ನಲ್ಲಿ ಡಿಇಂಟರ್‌ಲೇಸ್‌ಗೆ, ಅಂದರೆ ಈ ಹೆಣಿಗೆ ಬಿಡಿಸುವುದಕ್ಕೆ, ‘ಬಾಬ್’ ಆರಿಸಿದರೆ ಸೆಕೆಂಡಿಗೆ 25ರ ಬದಲು 50 ಫ್ರೇಮ್ ಸಿಗುತ್ತವೆ, ಹೆಜ್ಜೆಗಳು ತಡವರಿಸುವುದಿಲ್ಲ. ಚಿತ್ರದ ತಳದಲ್ಲಿ ನಡುಗುವ ಕೆಲವು ಗೆರೆಗಳನ್ನು ಹಳೆಯ ಟಿ.ವಿ.ಯ ಅಂಚು ಮುಚ್ಚಿಬಿಡುತ್ತಿತ್ತು. ಅವನ್ನು ಕ್ರಾಪ್ ಮಾಡಿದರೆ ಸಾಕು, ಅದಕ್ಕಾಗಿ ಇಡೀ ಚಿತ್ರವನ್ನು ಜೂಮ್ ಮಾಡಬೇಕಿಲ್ಲ.

ಹಿಗ್ಗಿಸಿ ಏರಿಸಿ ಆಗಿದೆ, ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿದೆ ಎನ್ನುವವರು ಕೈಚೆಲ್ಲಬೇಕಿಲ್ಲ. ಆ ಫೈಲನ್ನೇ ಮತ್ತೆ ತೆರೆದು, ಅಗಲ–ಎತ್ತರದ ಕೊಂಡಿ ಬಿಚ್ಚಿ, ಅಗಲವನ್ನು ಮಾತ್ರ ಶೇ 75ಕ್ಕೆ ಇಳಿಸಿ. ಜಾಗಟೆ ನೇರ ಎದುರಾಗಿರುವ ಫ್ರೇಮಿನಲ್ಲಿ ನಿಲ್ಲಿಸಿ ಪರದೆಗೆ ಸ್ಕೇಲ್ ಹಿಡಿಯಿರಿ. ಅಡ್ಡಳತೆ, ಉದ್ದಳತೆ ಒಂದೇ ಬಂದರೆ ಮುಗಿಯಿತು. ಕತ್ತರಿಸಿ ಏರಿಸಿದವರಿಗೆ ಈ ದಾರಿ ಇಲ್ಲ.

– ಹವ್ಯಾಸಿ ಸಂಕಲನಕಾರ, ಕುಂದಾಪುರ