ಮೆಣಸಿನಕಾಯಿ ಹೊರದೇಶಕ್ಕೆ ಕಳಿಸುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ.

ಬ್ಯಾಡಗಿ ಮೆಣಸಿನಕಾಯಿ ಹೊರದೇಶಕ್ಕೆ ಕಳಿಸಲು ಯಾರನ್ನು ಕೇಳಬೇಕು ಅಂತ ಗುಂಪಿನಲ್ಲಿ ಪದೇ ಪದೇ ಪ್ರಶ್ನೆ ಬರುತ್ತಿದೆ. ಇದನ್ನು ನೋಡಿಕೊಳ್ಳುವುದು ಕೇಂದ್ರದ ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯ. ಅದಕ್ಕಾಗಿ ದಿಲ್ಲಿಗೆ ಅಲೆಯಬೇಕಿಲ್ಲ.

ಮೊದಲು ಬೇಕಾದದ್ದು ಐಇಸಿ ನಂಬರ್, ಅಂದ್ರೆ ಆಮದು-ರಫ್ತು ಮಾಡುವವರಿಗೆ ಕೊಡುವ ಗುರುತಿನ ನಂಬರ್. ಕೊಡುವುದು ಸಚಿವಾಲಯದ ಕೆಳಗಿರುವ ಡಿಜಿಎಫ್‌ಟಿ (ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ). ಅರ್ಜಿ ಆನ್‌ಲೈನ್‌ನಲ್ಲೇ, ಶುಲ್ಕ 500 ರೂಪಾಯಿ. ಸಾವಿರಾರು ಕೇಳುವವರಿಗೆ ಸುಮ್ನೆ ಕೊಡಬೇಡಿ. ನಂಬರ್ ಸಿಕ್ಕ ಮೇಲೆ ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ವಿವರ ಖಚಿತಪಡಿಸಬೇಕು. ಏನೂ ಬದಲಾಗದಿದ್ದರೂ ಮಾಡಲೇಬೇಕು. ನಾನು ಒಮ್ಮೆ ಬಿಟ್ಟಿದ್ದೆ, ನಂಬರ್ ಬಂದ್ ಆಯ್ತು. ತೊಟ್ಟು ಬಿಡಿಸಿ, ಚೀಲ ಹೊಲಿದಿಟ್ಟ ಮಾಲು ನಾಲ್ಕು ದಿನ ಗೋದಾಮಿನಲ್ಲೇ ಕೂತಿತು. ಆ ಸಂಕಟ ನಿಮಗೆ ಬೇಡ.

ಮೆಣಸಿನಕಾಯಿ ಮಸಾಲೆ ಪದಾರ್ಥ ಅಲ್ವಾ, ಹಾಗಾಗಿ ಸ್ಪೈಸಸ್ ಬೋರ್ಡ್ ನೋಂದಣಿಯೂ ಬೇಕು. ಅದೂ ಇದೇ ಸಚಿವಾಲಯದ್ದು, ಮುಖ್ಯ ಕಚೇರಿ ಕೊಚ್ಚಿಯಲ್ಲಿದೆ. ನಮ್ಮ ಬ್ಯಾಡಗಿಗೆ 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಗುರುತು ಕೊಟ್ಟದ್ದೂ ಈ ಸಚಿವಾಲಯದ ಕೆಳಗಿನ ಕಚೇರಿಯೇ. ಅದು ನಮಗೆಲ್ಲ ಹೆಮ್ಮೆಯ ವಿಷಯ. ಸಣ್ಣ ಉದ್ದಿಮೆಗಳಿಗಿರುವ ಉದ್ಯಮ್ ನೋಂದಣಿ ಮಾತ್ರ ಬೇರೆ ಸಚಿವಾಲಯದ್ದು, ಎರಡನ್ನೂ ಕಲಸಬೇಡಿ.

ಈ ಕೆಲಸ ಬಾಕಿ ಇರುವವರು ಶನಿವಾರ ಸಂಜೆ ನಮ್ಮ ಅಂಗಡಿಗೆ ಬನ್ನಿ. ಪ್ಯಾನ್ ಕಾರ್ಡ್, ಒಟಿಪಿ ಬರುವ ಮೊಬೈಲ್ ಜೊತೆಗಿರಲಿ. ಕೂತು ಮಾಡಿ ಮುಗಿಸೋಣ.