ಮಾರಿಸ್ಸಿ ಸಂಜೆಗಳು ಮುಗಿದವು, ಕೆಲವರನ್ನು ನೆನೆಯಬೇಕು

ಕಳೆದ ಶನಿವಾರ ನಮ್ಮ ಮಾರಿಸ್ಸಿ ಸಂಜೆಗಳಿಗೆ ಮಂಗಳ ಹಾಡಿದೆವು. ಮ್ಯಾಂಚೆಸ್ಟರಿನಲ್ಲಿ ಕೂತು, ಇದೇ ಊರಿನ ಹಾಡುಗಾರನೊಬ್ಬನ ಬಗ್ಗೆ ಕನ್ನಡದಲ್ಲಿ ತಿಂಗಳಿಗೊಂದು ಸಲ ಮಾತಾಡೋಣ ಅಂದಾಗ ನಾಲ್ಕು ಜನ ಬಂದರೆ ದೊಡ್ಡದು ಅಂದುಕೊಂಡಿದ್ದೆ. ಕೊನೆಯ ಸಂಜೆ ಮೆಟ್ಟಿಲ ಮೇಲೂ ಜಾಗ ಇರಲಿಲ್ಲ. ಹಾಡು ಇಷ್ಟವಾಗಿ ಬಂದವರು ಎಷ್ಟು ಜನ, ಜಗಳ ನೋಡೋಕೆ ಬಂದವರು ಎಷ್ಟು ಜನ ಅಂತ ಕೇಳಬೇಡಿ. ಇಬ್ಬರಿಗೂ ನಾನು ಋಣಿ.

ಮೊದಲು ಪಕ್ಕದ ಮನೆಯ ಹಿರಿಯರಿಗೆ. ಅವರಿಗೆ ಕನ್ನಡ ಓದಲು ಬರುವುದಿಲ್ಲ, ಇದನ್ನು ನಾನೇ ಹೋಗಿ ಓದಿ ಹೇಳಬೇಕು. ಬಸ್ ಓಡಿಸಿ ನಿವೃತ್ತರಾದವರು. ಅಪ್ಪ ಅಮ್ಮ ಐರ್ಲೆಂಡಿನಿಂದ ಬಂದವರು. ಸ್ಟ್ರೆಟ್‌ಫರ್ಡಿನಲ್ಲಿ ಮಾರಿಸ್ಸಿ ಬೆಳೆದ ಕಿಂಗ್ಸ್ ರೋಡ್ ಅವರಿಗೆ ಅಂಗೈ ಇದ್ದ ಹಾಗೆ. ಮಾರಿಸ್ಸಿ ಹಾಡುತ್ತಿದ್ದ ದ ಸ್ಮಿತ್ಸ್ ತಂಡದ ಹಳೇ ರೆಕಾರ್ಡುಗಳನ್ನು ನನ್ನ ಕೈಗೆ ಕೊಟ್ಟು, 'ಗೀರು ಬಿದ್ದರೆ ಮಾತಾಡಲ್ಲ' ಅಂದಿದ್ದರು. ಬಿದ್ದಿಲ್ಲ ಸರ್.

ಮಾರಿಸ್ಸಿ ಹುಟ್ಟಿದ್ದು 1959ರ ಮೇ 22ರಂದು. ಪೂರ್ತಿ ಹೆಸರು ಸ್ಟೀವನ್ ಪ್ಯಾಟ್ರಿಕ್ ಮಾರಿಸ್ಸಿ. ಅಪ್ಪ ಆಸ್ಪತ್ರೆಯಲ್ಲಿ ರೋಗಿಗಳನ್ನು ಅತ್ತಿಂದಿತ್ತ ಸಾಗಿಸುವ ಪೋರ್ಟರ್ ಕೆಲಸ ಮಾಡಿದವರು, ಅಮ್ಮ ಗ್ರಂಥಾಲಯದಲ್ಲಿ. ಇಬ್ಬರೂ ಐರಿಷ್ ವಲಸಿಗರು. ಹುಡುಗ 11ನೇ ವಯಸ್ಸಿನ ಪರೀಕ್ಷೆಯಲ್ಲಿ ಫೇಲಾಗಿ ಸುಮಾರಾದ ಶಾಲೆಗೆ ಹೋದ. ಆಮೇಲೆ ಕೋಣೆಯೊಳಗೆ ಕೂತು ಓದುವುದು, ಕೇಳುವುದು, ಸಂಗೀತ ಪತ್ರಿಕೆಗಳಿಗೆ ಪತ್ರ ಬರೆಯುವುದು. 1976ರ ಜೂನ್‌ನಲ್ಲಿ ಸೆಕ್ಸ್ ಪಿಸ್ತೂಲ್ಸ್ ಎಂಬ ರಾಕ್ ತಂಡ ಮ್ಯಾಂಚೆಸ್ಟರಿಗೆ ಬಂದು ಹಾಡಿದಾಗ ಆ ಸಣ್ಣ ಸಭಾಂಗಣದಲ್ಲಿ ಇವನೂ ಇದ್ದ. ಅದರ ಬಗ್ಗೆಯೂ ಪತ್ರ ಬರೆದ. ಅಮೆರಿಕದ ನ್ಯೂಯಾರ್ಕ್ ಡಾಲ್ಸ್ ತಂಡಕ್ಕೆ ಬ್ರಿಟನ್ನಿನಲ್ಲಿ ಅಭಿಮಾನಿ ಸಂಘ ನಡೆಸಿದ. 20 ದಾಟಿದರೂ ಕೆಲಸವಿಲ್ಲ, ಸರ್ಕಾರ ಕೊಡುವ ನಿರುದ್ಯೋಗ ಭತ್ಯೆ. ನಮ್ಮ ಕಡೆ ಆಗಿದ್ದರೆ ನೆಂಟರೆಲ್ಲ ಸೇರಿ ಏನು ಅಂತಿದ್ದರೋ ನಿಮಗೇ ಗೊತ್ತು.

1982ರಲ್ಲಿ ಜಾನಿ ಮಾರ್ ಬಂದು ಆ ಮನೆಯ ಬಾಗಿಲು ತಟ್ಟಿದ. ಆಗ ಅವನಿಗಿನ್ನೂ 18. ಅವನು ಗಿಟಾರ್ ನುಡಿಸುತ್ತಿದ್ದ, ಇವನು ಪದ ಬರೆಯುತ್ತಿದ್ದ. ಬೇಸ್ ಗಿಟಾರಿಗೆ ಆಂಡಿ ರೂರ್ಕ್, ಡ್ರಮ್ಸಿಗೆ ಮೈಕ್ ಜಾಯ್ಸ್ ಸೇರಿಕೊಂಡರು. ನಾಲ್ವರದೂ ಐರಿಷ್ ಬೇರು, ನಾಲ್ವರೂ ವಲಸೆ ಬಂದವರ ಮಕ್ಕಳು. ಇದನ್ನು ಮೊದಲ ಸಂಜೆಯೇ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಿಟ್ಟ ಹಾಸನದ ಹುಡುಗನಿಗೆ ವಿಶೇಷವಾಗಿ ನಮಸ್ಕಾರ. ಆ ಬರಹವನ್ನು ಕೊನೆಯವರೆಗೂ ಅಳಿಸಲಿಲ್ಲ ಅವನು. ಜಗಳ ಆದಾಗಲೆಲ್ಲ ಎಲ್ಲರ ಕಣ್ಣೂ ಅತ್ತ ಹೋಗುತ್ತಿತ್ತು.

ದ ಸ್ಮಿತ್ಸ್ ಬದುಕಿದ್ದು ಬರೀ ಐದು ವರ್ಷ. 1983ರ ನವೆಂಬರಿನಲ್ಲಿ ಬಿಬಿಸಿಯ 'ಟಾಪ್ ಆಫ್ ದ ಪಾಪ್ಸ್'ನಲ್ಲಿ ಮಾರಿಸ್ಸಿ ಕೈಯಲ್ಲಿ ಗ್ಲಾಡಿಯೋಲಸ್ ಹೂವಿನ ಗೊಂಚಲು ಹಿಡಿದು ಬೀಸುತ್ತಾ ಹಾಡಿದ. ಮುಂದೊಮ್ಮೆ ಅದೇ ಕಾರ್ಯಕ್ರಮಕ್ಕೆ ಕಿವಿಗೆ ಶ್ರವಣಯಂತ್ರ ಹಾಕಿಕೊಂಡು ಬಂದ. ಕಿವಿ ಕೇಳದ ಅಭಿಮಾನಿಯೊಬ್ಬರಿಗಾಗಿ ಅನ್ನುತ್ತಾರೆ. ಆಗಿನ ರಾಕ್ ಹಾಡುಗಾರರು ಎದೆ ಉಬ್ಬಿಸಿಕೊಂಡು ನಿಂತರೆ ಇವನು ಸೋತವನ ಹಾಗೆ, ಆದರೆ ಸೋಲನ್ನೇ ಮೆರೆಸುವವನ ಹಾಗೆ ನಿಂತ. ಪ್ರೇಮ ಸಂಬಂಧದ ಬಗ್ಗೆ ಕೇಳಿದರೆ ಬ್ರಹ್ಮಚಾರಿ ಅಂದ. ಮೂವತ್ತು ವರ್ಷ ಪತ್ರಿಕೆಗಳು ಬೆನ್ನು ಬಿಡಲಿಲ್ಲ. 2013ರ ಆತ್ಮಕಥೆಯಲ್ಲಿ ಒಬ್ಬ ಗಂಡಸಿನ ಜೊತೆ ಬಾಳಿದ್ದನ್ನು ಬರೆದ ಮೇಲೂ, ನನಗೆ ಆಕರ್ಷಣೆ ಮನುಷ್ಯರ ಮೇಲೆ, ಅದೂ ಹೆಚ್ಚು ಜನರ ಮೇಲೇನಲ್ಲ ಎಂಬರ್ಥದ ಮಾತಾಡಿ ಕೈತೊಳೆದುಕೊಂಡ. ನನಗೆ ಅದು ಇಷ್ಟ. ಎಲ್ಲದಕ್ಕೂ ಚೀಟಿ ಅಂಟಿಸಲೇಬೇಕಾ?

ಇನ್ನು ಪಕ್ಕದ ಮನೆಯವರು ಬಾಯಿ ಬಿಟ್ಟ ಸಂಜೆ. ತಂಡದ ಮೊದಲ ಆಲ್ಬಮ್ ಬಂದದ್ದು 1984ರಲ್ಲಿ. ಅದರಲ್ಲಿ ಮೂರ್ಸ್ ಕೊಲೆಗಳ ಬಗ್ಗೆ ಒಂದು ಹಾಡಿದೆ. 60ರ ದಶಕದಲ್ಲಿ ಈ ಊರಿನ ಮಕ್ಕಳನ್ನು ಕದ್ದು ಕೊಂದು ಬಯಲಿನಲ್ಲಿ ಹೂತಿದ್ದರು. ಹಾಡಿನಲ್ಲಿ ಮಕ್ಕಳ ಹೆಸರು ಬಂತು, ಸತ್ತವರ ಮನೆಯವರಿಗೆ ನೋವಾಯಿತು, ಪತ್ರಿಕೆಗಳು ಹಿಡಿದುಕೊಂಡವು, ದೊಡ್ಡ ಅಂಗಡಿಗಳು ರೆಕಾರ್ಡನ್ನು ಕಪಾಟಿನಿಂದ ತೆಗೆದವು. ಬಲಿಯಾದ ಮಗುವೊಂದರ ತಾಯಿಯೊಂದಿಗೆ ಮಾತಾಡಿ ಮಾರಿಸ್ಸಿ ತನ್ನ ಉದ್ದೇಶ ತಿಳಿಸಿದ, ಆ ತಾಯಿ ಒಪ್ಪಿದರು. ಇಷ್ಟನ್ನು ನಾನು ಹೇಳಿ ಮುಗಿಸಿದೆ. ಮೂಲೆಯ ಕುರ್ಚಿಯಿಂದ ಹಿರಿಯರು ಇಂಗ್ಲಿಷಿನಲ್ಲಿ ಮೆಲ್ಲಗೆ ಶುರು ಮಾಡಿದರು. ಆ ಚಳಿಗಾಲ ಅವರಮ್ಮ ಹಾಲಿನ ಬಾಟಲಿ ತರೋಕೂ ಒಬ್ಬನನ್ನೇ ಬಾಗಿಲಾಚೆ ಬಿಡಲಿಲ್ಲವಂತೆ. ಬೀದಿಯಲ್ಲಿ ಆಡುವ ಮಕ್ಕಳನ್ನು ಸಂಜೆಗೆ ಹೆಸರು ಹಿಡಿದು ಎಣಿಸಿ ಒಳಗೆ ಕರೆಯುತ್ತಿದ್ದರಂತೆ. 'ಆ ಹಾಡು ಬಂದಾಗ ನನಗೆ ಸಿಟ್ಟು ಬರಲಿಲ್ಲ. ಕಡೆಗೂ ಯಾರೋ ಎಣಿಸಿದರಲ್ಲ ಅನಿಸಿತು' ಅಂದರು. ಅವತ್ತಿನ ಚಹಾ ಯಾರೂ ಕುಡಿಯಲಿಲ್ಲ. ನಾನು ತಯಾರು ಮಾಡಿಕೊಂಡಿದ್ದ ಎಲ್ಲ ಟಿಪ್ಪಣಿಗಿಂತ ಆ ಎರಡು ನಿಮಿಷ ತೂಕದ್ದು.

ನಮಗೆ ಹಾಲ್ ಬಿಟ್ಟುಕೊಟ್ಟ ಅಣ್ಣ ಅತ್ತಿಗೆಗೆ ಏನು ಹೇಳಲಿ. ಸೋಫಾ ಗೋಡೆಗೆ ಸರಿಸಿ, ಕಾರ್ಪೆಟ್ ಮೇಲೆ ಜಮಖಾನ ಹಾಸಿ, ಪ್ರತಿ ಸಲ 'ಇನ್ನೂ ಎರಡು ಹಾಡು ಹಾಕಿ, ಉಪ್ಪಿಟ್ಟು ಆಗ್ತಾ ಇದೆ' ಅನ್ನುತ್ತಿದ್ದರು. ಗೋಡೆಯಾಚೆಯವರು ಒಮ್ಮೆಯೂ ದೂರು ಕೊಡದಿದ್ದಕ್ಕೆ ಅವರಿಗೂ ಕೈಮುಗಿಯಬೇಕು.

ಕೊಡಗಿನ ಅಣ್ಣನ ವಿಷಯಕ್ಕೆ ಬರುತ್ತೇನೆ. 1985ರ 'ಮೀಟ್ ಈಸ್ ಮರ್ಡರ್' (ಮಾಂಸ ಅಂದರೆ ಕೊಲೆ) ಆಲ್ಬಮ್ಮಿನ ಸಂಜೆ ಅದು. ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋದ ಆಲ್ಬಮ್. ಅದೇ ಹೆಸರಿನ ಹಾಡಿನ ಆರಂಭದಲ್ಲಿ ಯಂತ್ರದ ಸದ್ದು, ಹಸುಗಳ ಕೂಗು ಕೇಳುತ್ತದೆ. ಅದನ್ನು ಕೇಳಿ ಮಾಂಸ ಬಿಟ್ಟವರು ಈ ದೇಶದಲ್ಲಿ ಬಹಳ ಜನ. ನಮ್ಮಣ್ಣ ಅವತ್ತೇ ಸರಿಯಾಗಿ ದೊಡ್ಡ ಡಬ್ಬಿ ತುಂಬ ಪಂದಿಕರಿ ತಂದಿದ್ದರು. ಸ್ಪೀಕರಿನಲ್ಲಿ ಹಸು ಕೂಗುತ್ತಿದೆ, ಅಡುಗೆಮನೆಯಿಂದ ಕಾಚಂಪುಳಿಯ ಘಮ ಬರುತ್ತಿದೆ. ನಗಬೇಕೋ ಅಳಬೇಕೋ ತಿಳಿಯದೆ ಕೂತಿದ್ದೆವು. ಕೊನೆಗೆ ಅಣ್ಣನೇ 'ಹಾಡು ಚೆನ್ನಾಗಿದೆ, ಕರಿಯೂ ಚೆನ್ನಾಗಿದೆ' ಅಂತ ತೀರ್ಪು ಕೊಟ್ಟರು.

ಆದರೆ ಮಾತು ಅಲ್ಲಿಗೆ ನಿಲ್ಲಲಿಲ್ಲ. ಪ್ರಾಣಿಗಳ ಮೇಲಿನ ಈ ಪ್ರೀತಿಯೇ ಮುಂದೆ ಅವನ ಬಾಯಿಂದ ಎಂಥೆಂಥ ಮಾತು ಹೊರಡಿಸಿತು ನೋಡಿ. 2009ರಲ್ಲಿ ಕ್ಯಾಲಿಫೋರ್ನಿಯಾದ ಕೋಚೆಲ್ಲಾ ಉತ್ಸವದಲ್ಲಿ ಮಾಂಸ ಸುಡುವ ವಾಸನೆ ಅಂತ ವೇದಿಕೆ ಬಿಟ್ಟು ಹೋಗಿ ವಾಪಸ್ ಬಂದ. ಅದು ಹೋಗಲಿ. 2010ರಲ್ಲಿ ಚೀನಾದಲ್ಲಿ ಪ್ರಾಣಿಗಳನ್ನು ನಡೆಸಿಕೊಳ್ಳುವ ರೀತಿ ನೋಡಿ, ಆ ಜನರೇ ಮನುಷ್ಯರಿಗಿಂತ ಕೆಳಗಿನ ಒಂದು ಜಾತಿ ಅನ್ನುವ ಅರ್ಥದ ಮಾತಾಡಿದ. 2011ರ ಜುಲೈನಲ್ಲಿ ನಾರ್ವೆಯಲ್ಲಿ ಒಬ್ಬ ಹಂತಕ 77 ಜನರನ್ನು ಕೊಂದ. ಎರಡೇ ದಿನಕ್ಕೆ ವಾರ್ಸಾದ ವೇದಿಕೆಯಲ್ಲಿ ಇವನು, ಮೆಕ್‌ಡೊನಾಲ್ಡ್ಸ್ ಮತ್ತು ಕೆಎಫ್‌ಸಿಯಲ್ಲಿ ದಿನಾ ನಡೆಯುವುದರ ಮುಂದೆ ಇದೇನೂ ಅಲ್ಲ ಅಂದ.

ಆಗ ಕಲಬುರಗಿಯಿಂದ ಓದಲು ಬಂದಿರುವ ತಂಗಿಯೊಬ್ಬಳು ಎದ್ದು ನಿಂತಳು. ತಟ್ಟೆಯಲ್ಲಿ ಏನಿದೆ ಅಂತ ನೋಡಿ ಮನುಷ್ಯರ ಬೆಲೆ ಕಟ್ಟುವುದು ನಮಗೇನೂ ಹೊಸದಲ್ಲ, ಬಾಡಿಗೆ ಮನೆ ಕೇಳೋಕೆ ಹೋದಾಗ ನಮ್ಮಪ್ಪ ಎಷ್ಟು ಸಲ ಕೇಳಿಸಿಕೊಂಡಿದ್ದಾರೆ, ಮಾರಿಸ್ಸಿಯಿಂದ ಬೇರೆ ಕೇಳಬೇಕಾ ಅಂದಳು. ಇನ್ನೊಬ್ಬರು, ಅವನದು ಜಾತಿಯ ಮಡಿ ಅಲ್ಲ, ಬಡವರ ಮನೆಯಲ್ಲಿ ಹುಟ್ಟಿ ತಾನಾಗಿ ಆರಿಸಿಕೊಂಡ ನಿಲುವು ಅಂದರು. ಎರಡೂ ನಿಜ. ಆದರೆ ಚೀನಾದವರ ಬಗ್ಗೆ ಅಂದ ಮಾತಿಗೆ ಆ ನಿಲುವು ಗುರಾಣಿ ಆಗುವುದಿಲ್ಲ. ಇದನ್ನು ಅಷ್ಟು ಸಲೀಸಾಗಿ ನನ್ನಿಂದ ಹೇಳಲು ಆಗುತ್ತಿರಲಿಲ್ಲ, ಏನಿದ್ದರೂ ಅಭಿಮಾನಿ ನಾನು. ಆ ತಂಗಿಗೆ ಶರಣು.

ಕೋರ್ಟಿನ ಕಥೆಯನ್ನು ಹೇಳಿಕೊಟ್ಟವರು ನಮ್ಮಲ್ಲಿನ ಲೆಕ್ಕಪರಿಶೋಧಕರು. ಹಾಡುಗಾರರ ಜಗಳವನ್ನು ಬ್ಯಾಲೆನ್ಸ್ ಶೀಟಿನ ಹಾಗೆ ಬಿಡಿಸಿಟ್ಟರು. ರೆಕಾರ್ಡು ಮತ್ತು ಪ್ರದರ್ಶನದ ದುಡ್ಡಿನಲ್ಲಿ ಮಾರಿಸ್ಸಿ, ಮಾರ್ ಇಬ್ಬರಿಗೆ ತಲಾ ಶೇ 40, ಉಳಿದ ಇಬ್ಬರಿಗೆ ತಲಾ ಶೇ 10. ಜಾಯ್ಸ್ ಸಮಪಾಲು ಕೇಳಿದ. ಕೈ ಬರಿದಾಗಿದ್ದ ರೂರ್ಕ್ 83,000 ಪೌಂಡಿಗೆ ಮೊದಲೇ ರಾಜಿಯಾಗಿಬಿಟ್ಟಿದ್ದ. 1996ರಲ್ಲಿ ಜಾಯ್ಸ್ ಗೆದ್ದು ಶೇ 25 ಪಡೆದ. ನ್ಯಾಯಾಧೀಶರು ಮಾರಿಸ್ಸಿಯನ್ನು ಕುಟಿಲ, ಜಗಳಗಂಟ, ನಂಬಲಾಗದವ ಅಂತ ತೀರ್ಪಿನಲ್ಲೇ ಬರೆದರು. ಆ ಗಾಯ ಮಾಯಲಿಲ್ಲ. ಆತ್ಮಕಥೆಯಲ್ಲಿ ಹತ್ತಿರ ಹತ್ತಿರ 50 ಪುಟ ಅದಕ್ಕೇ ಹೋಯಿತು. ನಮ್ಮ ಲೆಕ್ಕಪರಿಶೋಧಕರ ಅಭಿಪ್ರಾಯ: ಮೊದಲೇ ಒಂದು ಕಾಗದದ ಮೇಲೆ ಸಹಿ ಹಾಕಿಕೊಂಡಿದ್ದರೆ ಒಂದು ಪುಟವೂ ಬೇಕಿರಲಿಲ್ಲ.

ಈಗ ಎಲ್ಲಕ್ಕಿಂತ ಕಷ್ಟದ ಕೃತಜ್ಞತೆ. ವಿಜಯಪುರದ ಅಕ್ಕನಿಗೆ.

ಬಾವುಟದ ಸಂಜೆಗೆ ಅವರು ಬಂದಿದ್ದರು. 1992ರ ಆಗಸ್ಟ್, ಲಂಡನ್ನಿನ ಫಿನ್ಸ್‌ಬರಿ ಪಾರ್ಕ್. ಹಿಂದೆ ತಲೆ ಬೋಳಿಸಿದ ಸ್ಕಿನ್‌ಹೆಡ್ ಹುಡುಗಿಯರ ದೊಡ್ಡ ಚಿತ್ರ, ಮುಂದೆ ಬ್ರಿಟಿಷ್ ಬಾವುಟ ಯೂನಿಯನ್ ಜಾಕ್ ಸುತ್ತಿಕೊಂಡ ಮಾರಿಸ್ಸಿ. ಇದೇ ವೇಷದ ಬಲಪಂಥೀಯ ಪುಂಡರು ಏಷ್ಯಾದವರನ್ನು ಹುಡುಕಿ ಹೊಡೆಯುತ್ತಿದ್ದ ಕಾಲದ ನೆನಪು ಇನ್ನೂ ಹಸಿಯಾಗಿತ್ತು. ಎನ್‌ಎಂಇ ಎಂಬ ಸಂಗೀತ ಪತ್ರಿಕೆ ಮುಖಪುಟದಲ್ಲೇ ಪ್ರಶ್ನೆ ಎತ್ತಿತು. ಅದಕ್ಕೂ ನಾಲ್ಕು ವರ್ಷ ಮೊದಲು, ತನ್ನ ಮೊದಲ ಸ್ವಂತ ಆಲ್ಬಮ್ಮಿನಲ್ಲಿ, ಬಂಗಾಳಿ ವಲಸಿಗನೊಬ್ಬನಿಗೆ ನೀನು ಇಲ್ಲಿಗೆ ಸೇರಿದವನಲ್ಲ ಅನ್ನುವಂತೆ ಕೇಳುವ ಹಾಡು ಹಾಡಿದ್ದ. ಕನಿಕರವೋ ತಿರಸ್ಕಾರವೋ ಅಂತ ಇವತ್ತಿಗೂ ಜಗಳ ಇದೆ. 2007ರಲ್ಲಿ ವಲಸೆಯಿಂದ ಇಂಗ್ಲೆಂಡ್ ತನ್ನ ಗುರುತು ಕಳೆದುಕೊಳ್ಳುತ್ತಿದೆ ಅನ್ನುವ ಮಾತು ಪತ್ರಿಕೆಯಲ್ಲಿ ಬಂತು. ಅವನು ಎನ್‌ಎಂಇ ಮೇಲೆ ಕೇಸು ಹಾಕಿದ, ಪತ್ರಿಕೆ 2012ರಲ್ಲಿ ಕ್ಷಮೆ ಕೇಳಿತು. ಜನಾಂಗದ್ವೇಷದ ವಿರುದ್ಧದ ಚಳವಳಿಗೆ ದುಡ್ಡೂ ಕೊಟ್ಟ. ಅಲ್ಲಿಯವರೆಗೆ ನಾವೆಲ್ಲ ಅನುಮಾನದ ಲಾಭ ಕೊಡುತ್ತಾ ಬಂದೆವು.

2019ರ ಮೇ ತಿಂಗಳಲ್ಲಿ ಅಮೆರಿಕದ ಟಿವಿ ಕಾರ್ಯಕ್ರಮಕ್ಕೆ 'ಫಾರ್ ಬ್ರಿಟನ್' ಎಂಬ ಪಕ್ಷದ ಬ್ಯಾಡ್ಜ್ ಹಾಕಿಕೊಂಡು ಬಂದ. ಇಸ್ಲಾಂ ವಿರೋಧದ ಮೇಲೇ ನಿಂತಿದ್ದ ತೀವ್ರ ಬಲಪಂಥದ ಪುಟ್ಟ ಪಕ್ಷ ಅದು. ಕಾರ್ಡಿಫ್‌ನಲ್ಲಿರುವ, 1894ರಿಂದ ನಡೆಯುತ್ತಿರುವ ಸ್ಪಿಲ್ಲರ್ಸ್ ರೆಕಾರ್ಡ್ ಅಂಗಡಿ ಅವನ ಆಲ್ಬಮ್ ಮಾರುವುದಿಲ್ಲ ಅಂದಿತು. ಲಿವರ್‌ಪೂಲಿನ ರೈಲು ನಿಲ್ದಾಣಗಳಿಂದ ಪೋಸ್ಟರ್ ಇಳಿಸಿದರು. ತಾನು ಜನಾಂಗದ್ವೇಷಿ ಅಲ್ಲ ಅನ್ನುತ್ತಲೇ ಇದ್ದಾನೆ ಅವನು.

ಆ ಬ್ಯಾಡ್ಜಿನ ಫೋಟೋ ನಾನು ಪರದೆಯ ಮೇಲೆ ತೋರಿಸಿದ ರಾತ್ರಿ ಅಕ್ಕನ ಮೆಸೇಜ್ ಬಂತು. ಅವರ ಒಪ್ಪಿಗೆ ಪಡೆದೇ ಇಲ್ಲಿ ಹಾಕುತ್ತಿದ್ದೇನೆ: 'ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ರಾತ್ರಿ ಪಾಳಿಗೆ ಬಸ್ ಹತ್ತುವವಳು ನಾನು. ನಿನಗೆ ಅದು ಚರ್ಚೆಯ ವಿಷಯ, ನನಗೆ ಬಸ್ಸಿನಲ್ಲಿ ಎಲ್ಲಿ ಕೂರಬೇಕು ಅನ್ನುವ ವಿಷಯ. ಇನ್ನು ಬರಲ್ಲ, ಬೇಜಾರು ಮಾಡ್ಕೋಬೇಡ.' ಅವರು ಆಮೇಲೆ ಬರಲಿಲ್ಲ. ನಾನೂ ಕರೆಯಲಿಲ್ಲ. ಆದರೆ ಮುಂದಿನ ಎಲ್ಲ ಸಂಜೆಗಳನ್ನೂ ಆ ಮೆಸೇಜ್ ಮುಂದಿಟ್ಟುಕೊಂಡೇ ತಯಾರು ಮಾಡಿದೆ. ಹಾಡು ಬೇರೆ ಹಾಡುಗಾರ ಬೇರೆ ಅಂತ ಸುಮ್ನೆ ಹೇಳಿ ಮುಂದೆ ಹೋಗುವ ದಾರಿ ಅಲ್ಲಿಗೆ ಮುಚ್ಚಿತು. ಅಕ್ಕ, ನೀವು ಎದ್ದು ಹೋಗದಿದ್ದರೆ ಈ ಸರಣಿ ಒಂದು ಭಜನೆ ಆಗುತ್ತಿತ್ತು.

ಪಕ್ಕದ ಊರಿನ ಹಳೇ ಹುಡುಗರ ಕ್ಲಬ್ಬಾದ ಸ್ಯಾಲ್ಫರ್ಡ್ ಲ್ಯಾಡ್ಸ್ ಕ್ಲಬ್ಬಿಗೆ ಮಕ್ಕಳನ್ನು ಕರೆದೊಯ್ದು, ಅಲ್ಲಿ ಗೋಡೆ ತುಂಬ ಅಂಟಿಸಿರುವ ಚೀಟಿಗಳನ್ನು ಓದಿಸಿದ ಇಬ್ಬರು ತಾಯಂದಿರಿಗೂ ಧನ್ಯವಾದ. 1985ರಲ್ಲಿ ತಂಡ ಆ ಬಾಗಿಲ ಮುಂದೆ ನಿಂತು ತೆಗೆಸಿಕೊಂಡ ಫೋಟೋದಿಂದ ಇವತ್ತಿಗೂ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. 2024ರಲ್ಲಿ ಕ್ಲಬ್ಬು ಮುಚ್ಚುವ ಸ್ಥಿತಿಗೆ ಬಂದಾಗ ಮಾರಿಸ್ಸಿ 50,000 ಪೌಂಡ್ ಕೊಟ್ಟ. ಬ್ಯಾಡ್ಜ್ ಹಾಕಿಕೊಂಡ ಮನುಷ್ಯನೇ ಇದನ್ನೂ ಮಾಡಿದ್ದು. ನಮ್ಮ ಬೋರ್ಡಿನ ಮೇಲೆ ಇದನ್ನೂ ಬರೆದೆವು, ಅದನ್ನು ಅಳಿಸದೆ. ಮೆಕ್ಸಿಕೋ ಮೂಲದ ಅಭಿಮಾನಿಗಳು ಲಾಸ್ ಏಂಜಲೀಸಿನಲ್ಲಿ ಅವನನ್ನು ತಲೆ ಮೇಲೆ ಹೊತ್ತು ಮೆರೆಸುತ್ತಾರೆ. ಅವರೂ ವಲಸಿಗರ ಮಕ್ಕಳೇ. ಇದಕ್ಕೆ ಮಾತ್ರ ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಬೆಂಗಳೂರಿನಿಂದ ಹೊತ್ತಲ್ಲದ ಹೊತ್ತಿನಲ್ಲಿ ವಿಡಿಯೋದಲ್ಲಿ ಸೇರಿಕೊಂಡವರಿಗೆ, ನಿದ್ದೆಗಣ್ಣಲ್ಲೇ ಪ್ರಶ್ನೆ ಕೇಳಿದವರಿಗೆ, ಲ್ಯಾಪ್‌ಟಾಪ್ ಕೈಕೊಟ್ಟಾಗಲೆಲ್ಲ ಓಡಿ ಬಂದ ಹೈಸ್ಕೂಲ್ ಮಕ್ಕಳಿಗೆ ಒಂದೇ ಉಸಿರಿನಲ್ಲಿ ನಮಸ್ಕಾರ ಹೇಳಿಬಿಡುತ್ತೇನೆ. ಬೇಜಾರು ಬೇಡ.

ಅತ್ತಿಗೆಯ ಮನೆಯಲ್ಲಿ ಮೂರು ಸ್ಟೀಲ್ ಡಬ್ಬಿ, ಒಂದು ಮಫ್ಲರ್, ಯಾರದೋ ಓದುವ ಕನ್ನಡಕ ಉಳಿದಿವೆ. ಬಂದು ತಗೊಂಡು ಹೋಗಿ. ಮುಂದಿನ ಸರಣಿ ಯಾರ ಮೇಲೆ ಅನ್ನುವುದನ್ನು ಕೊಡಗಿನ ಅಣ್ಣ ನಿರ್ಧರಿಸುತ್ತಾರೆ, ಮಾತಾಡುವವರೂ ಅವರೇ. ಜಮಖಾನ ಹಾಸುವ ಕೆಲಸ ನನಗಿರಲಿ.